ಮತಪೆಟ್ಟಿಗೆ ಇಲ್ಲದೆ ಒಂದಾದ ನಾಡು

ಏಕೀಕರಣ ಬೇಕೇ ಬೇಡವೇ ಎಂದು ಹಳೇ ಮೈಸೂರು ಒಂದು ಕಾಲಕ್ಕೆ ಜೋರಾಗಿಯೇ ವಾದಿಸಿತ್ತು. ಆ ವಾದದಲ್ಲಿ ಭಾಷೆಗಿಂತ ದುಡ್ಡಿನ ಮಾತೇ ಹೆಚ್ಚಿತ್ತು. ಆಗ ಎದ್ದ ಪ್ರಶ್ನೆ ಊರು ಬದಲಿಸಿಕೊಂಡು ಇಂದಿಗೂ ನಮ್ಮ ನಡುವೆ ಓಡಾಡುತ್ತಿದೆ.

ನವೆಂಬರ್ ಒಂದರ ಬೆಳಿಗ್ಗೆ ನಂಜನಗೂಡು, ತಿ. ನರಸೀಪುರ ಸೀಮೆಯಲ್ಲಿ ಯಾವ ಊರಿಗೆ ಹೋದರೂ ಸಂಭ್ರಮ ಒಂದೇ ಬಗೆಯದು. ಶಾಲೆಯ ಅಂಗಳದಲ್ಲಿ ಹಳದಿ ಕೆಂಪು ಬಾವುಟ. ಟ್ರ್ಯಾಕ್ಟರಿಗೆ ಬಾಳೆಕಂದು, ಮಾವಿನ ಸೊಪ್ಪು ಕಟ್ಟಿ, ನಡುವೆ ಭುವನೇಶ್ವರಿಯ ಪಟ ಇಟ್ಟ ಮೆರವಣಿಗೆ. ಅದರ ಹಿಂದೆ ತಮಟೆ, ನಗಾರಿ, ಯೂನಿಫಾರಂ ತೊಟ್ಟ ಮಕ್ಕಳ ಸಾಲು. ರಸ್ತೆಯ ಎರಡೂ ಬದಿಗೆ ಕಬಿನಿ ನಾಲೆಯ ನೀರುಂಡ ಭತ್ತ ತೆನೆ ಬಿಟ್ಟು ನಿಂತಿರುತ್ತದೆ.

ಮೇಷ್ಟ್ರು ಮೈಕ್ ಹಿಡಿದು 1956ರ ಕಥೆ ಹೇಳುತ್ತಾರೆ. ಹರಿದು ಹಂಚಿಹೋಗಿದ್ದ ಕನ್ನಡ ನಾಡನ್ನು ಹಿರಿಯರು ಒಂದುಗೂಡಿಸಿದರು ಎನ್ನುತ್ತಾರೆ. ಕಥೆ ನಿಜ. ಆದರೆ ಅದರ ಒಂದು ಅಧ್ಯಾಯ ಭಾಷಣಗಳಲ್ಲಿ ಬರುವುದೇ ಇಲ್ಲ. ಏಕೀಕರಣ ಬೇಡ ಎಂದು ಗಟ್ಟಿದನಿಯಲ್ಲಿ ಹೇಳಿದವರು ಕನ್ನಡಿಗರೇ ಆಗಿದ್ದರು. ಅವರಲ್ಲಿ ಬಹುಪಾಲು ಮಂದಿ ಇದೇ ಹಳೇ ಮೈಸೂರಿನವರು.

ಇದೇ ಸೀಮೆಯ ಹದಿನಾರು ಗ್ರಾಮಕ್ಕೆ ಈ ಕಥೆಯೊಂದಿಗೆ ವಿಶೇಷ ನಂಟಿದೆ. 1399ರಲ್ಲಿ ಯದುರಾಯ ಹದಿನಾಡಿನ ಅರಸುಮಗಳು ಚಿಕ್ಕದೇವರಸಿಯನ್ನು ಮದುವೆಯಾಗಿ ಮೈಸೂರು ಒಡೆಯರ ವಂಶಕ್ಕೆ ಬುನಾದಿ ಹಾಕಿದ ಎಂಬುದು ಪರಂಪರೆಯಿಂದ ಬಂದ ಕಥೆ. ಆ ಹದಿನಾಡು ಇದೇ ಹದಿನಾರು ಎಂದು ಗುರುತಿಸುವುದು ರೂಢಿ. ಮೈಸೂರು ಸೀಮೆ ಎಂಬ ಅಭಿಮಾನ ಇಲ್ಲಿಯ ಮಣ್ಣಿನಲ್ಲೇ ಇದೆ. ಆ ಅಭಿಮಾನವೂ ಕನ್ನಡದ ಅಭಿಮಾನವೂ 1950ರ ದಶಕದಲ್ಲಿ ಎದುರುಬದುರು ನಿಂತವು.

ಐದು ಸರ್ಕಾರ, ಒಂದು ಭಾಷೆ

ತಿ. ನರಸೀಪುರದಲ್ಲಿ ಬಸ್ಸು ಹತ್ತಿ ಪೂರ್ವಕ್ಕೆ ಹೊರಟರೆ ಹೆಚ್ಚು ಹೊತ್ತಾಗುವ ಮೊದಲೇ ಕೊಳ್ಳೇಗಾಲ ಸಿಗುತ್ತದೆ. 1956ರ ಅಕ್ಟೋಬರ್ 31ರವರೆಗೆ ಅದು ಬೇರೆ ರಾಜ್ಯ. ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇತ್ತ ತಿ. ನರಸೀಪುರದ ರೈತನ ಕಚೇರಿ ಕೆಲಸ ಮೈಸೂರಿನಲ್ಲಿ, ಅತ್ತ ಕೊಳ್ಳೇಗಾಲದ ರೈತನದ್ದು ಕೊಯಮತ್ತೂರಿನಲ್ಲಿ. ಇಬ್ಬರ ಮನೆಮಾತು ಒಂದೇ, ಬೆಳೆ ಒಂದೇ, ಮಾದಪ್ಪನ ಹರಕೆಯೂ ಒಂದೇ.

ಇಂಥ ಗೆರೆಗಳು ನಾಡಿನ ತುಂಬ ಇದ್ದವು. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಮುಂಬಯಿ ರಾಜ್ಯದಲ್ಲಿ. ಬೀದರ್, ಗುಲ್ಬರ್ಗ, ರಾಯಚೂರು ಹೈದರಾಬಾದಿನಲ್ಲಿ. ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ಮದ್ರಾಸಿನಲ್ಲಿ. ಕೊಡಗು ತನ್ನದೇ ಪುಟ್ಟ ರಾಜ್ಯ. ನಡುವೆ ಮೈಸೂರು. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಬಂದಿದ್ದವು.

ಒಂದಾಗಬೇಕೆಂಬ ಕೂಗು ಹೆಚ್ಚು ಜೋರಾಗಿದ್ದುದು ಉತ್ತರದಲ್ಲಿ. 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, ಆಲೂರು ವೆಂಕಟರಾಯರ ಬರಹ, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ ಎಲ್ಲವೂ ಅದಕ್ಕೆ ಬಲ ಕೊಟ್ಟವು. 1953ರಲ್ಲಿ ಅದರಗುಂಚಿ ಶಂಕರಗೌಡ ಪಾಟೀಲರು ಆಮರಣಾಂತ ಉಪವಾಸ ಕೂತಾಗ ಹುಬ್ಬಳ್ಳಿ ಹೊತ್ತಿ ಉರಿಯಿತು. ಬೇರೆ ಭಾಷೆಯವರ ರಾಜಧಾನಿಯ ಅಂಚಿನಲ್ಲಿ ಬದುಕುವ ಸಂಕಟ ಅವರಿಗೆ ಗೊತ್ತಿತ್ತು. ಮೈಸೂರಿನವರಿಗೆ ಆ ಸಂಕಟದ ಅನುಭವ ಇರಲಿಲ್ಲ.

ಮೈಸೂರಿನ ಅಳುಕು

ಮೈಸೂರಿನವರಿಗೆ ಇದ್ದದ್ದು ಕಳೆದುಕೊಳ್ಳುವ ಭಯ. ಕಳೆದುಕೊಳ್ಳಲು ಅವರ ಕೈಯಲ್ಲಿ ಬಹಳವೇ ಇತ್ತು. 1891ರಲ್ಲಿ ನಂಜನಗೂಡಿಗೆ ರೈಲು ಬಂದಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ತಲುಪಿತ್ತು. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ವಿಶ್ವವಿದ್ಯಾಲಯ, 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ. ಕನ್ನಂಬಾಡಿ ಕಟ್ಟೆ ಮಂಡ್ಯದ ಬಯಲನ್ನು ಹಸಿರು ಮಾಡಿತ್ತು.

ಹೊರಗಿನ ಕನ್ನಡ ಜಿಲ್ಲೆಗಳ ಸ್ಥಿತಿ ಬೇರೆಯೇ ಇತ್ತು. ಅಲ್ಲಿ ಬರ, ಕಡಿಮೆ ಶಾಲೆ, ಕಡಿಮೆ ವಿದ್ಯುತ್ತು. ಈ ಅಂತರವನ್ನು ಅಳೆಯಲು ಮೈಸೂರು ಸರ್ಕಾರ ಎಂ. ಶೇಷಾದ್ರಿ ಅವರ ಅಧ್ಯಕ್ಷತೆಯಲ್ಲಿ ಸತ್ಯಶೋಧನಾ ಸಮಿತಿಯನ್ನೇ ನೇಮಿಸಿತು. ಮೈಸೂರು ಮುಂದೆ, ಉಳಿದ ಕನ್ನಡ ಪ್ರದೇಶಗಳು ಹಿಂದೆ ಎಂಬ ಚಿತ್ರ ಆ ಸಮಿತಿಯ ಅಂಕಿಅಂಶಗಳಲ್ಲಿ ಕಂಡಿತು. ಏಕೀಕರಣ ಬೇಡ ಎನ್ನುವವರ ಕೈಗೆ ಆಯುಧ ಸಿಕ್ಕಿತು.

ಅವರ ವಾದ ಸರಳವಾಗಿತ್ತು. ಕೂಡು ಕುಟುಂಬದಲ್ಲಿ ದುಡಿದು ಕೂಡಿಟ್ಟ ಒಬ್ಬನ ಗಂಟನ್ನು ಬಿಚ್ಚಿ ಎಲ್ಲರ ಸಾಲ ತೀರಿಸಿದರೆ, ಕೊನೆಗೆ ಅವನ ಮಕ್ಕಳಿಗೆ ಉಳಿಯುವುದೇನು? ಮೈಸೂರಿನ ತೆರಿಗೆ ತುಂಗಭದ್ರೆಯ ಆಚೆ ಹೋಗುತ್ತದೆ, ನಮ್ಮ ನಾಲೆ, ನಮ್ಮ ಶಾಲೆ ನಿಂತುಹೋಗುತ್ತವೆ ಎಂಬ ಆತಂಕ ಅದು. ಮೈಸೂರು ಒಂದು, ಕರ್ನಾಟಕ ಇನ್ನೊಂದು, ಹೀಗೆ ಎರಡು ಕನ್ನಡ ರಾಜ್ಯಗಳಿರಲಿ ಎಂಬ ಸಲಹೆಯೂ ಬಂತು.

ಈ ವಾದದ ಒಳಗೆ ಇನ್ನೊಂದು ಲೆಕ್ಕವೂ ಇತ್ತು. ಹಳೇ ಮೈಸೂರಿನ ರಾಜಕಾರಣದಲ್ಲಿ ಒಕ್ಕಲಿಗರ ಮಾತು ನಡೆಯುತ್ತಿತ್ತು. ಉತ್ತರ ಸೇರಿದರೆ ಲಿಂಗಾಯತರ ಸಂಖ್ಯೆ ಮೇಲಾಗುತ್ತದೆ, ಅಧಿಕಾರ ಕೈಜಾರುತ್ತದೆ ಎಂಬ ಭಯ ಅನೇಕ ಮುಖಂಡರಿಗಿತ್ತು. ಆ ಭಯ ಪೂರ್ತಿ ಸುಳ್ಳೂ ಆಗಲಿಲ್ಲ. 1956ರಿಂದ 1971ರವರೆಗೆ ಮುಖ್ಯಮಂತ್ರಿ ಸ್ಥಾನದಲ್ಲಿ ಕೂತ ನಿಜಲಿಂಗಪ್ಪ, ಜತ್ತಿ, ಕಂಠಿ, ವೀರೇಂದ್ರ ಪಾಟೀಲ ನಾಲ್ವರೂ ಲಿಂಗಾಯತರೇ. ಆದರೆ ಜಾತಿಯ ಲೆಕ್ಕ ಜೊತೆಗಿತ್ತು ಎಂದ ಮಾತ್ರಕ್ಕೆ ದುಡ್ಡಿನ ಪ್ರಶ್ನೆ ಪೊಳ್ಳಾಗುವುದಿಲ್ಲ.

ಒಂದಾಗೋಣ ಎಂದವರ ಲೆಕ್ಕ

ಏಕೀಕರಣದ ಪರ ನಿಂತವರು ಬರೀ ಭಾವನೆಯ ಮೇಲೆ ಮಾತಾಡಲಿಲ್ಲ. ಮೈಸೂರಿಗೆ ಸಮುದ್ರ ಇರಲಿಲ್ಲ. ಒಂದಾದರೆ ಮಂಗಳೂರು, ಕಾರವಾರ ಬರುತ್ತವೆ. ಹಟ್ಟಿಯ ಚಿನ್ನ, ಉತ್ತರ ಕನ್ನಡದ ಕಾಡು, ಕೃಷ್ಣೆ ಮತ್ತು ಕಾಳಿ ನದಿಗಳು ಬರುತ್ತವೆ. ಶರಾವತಿಯ ಮೇಲ್ಭಾಗ ಮೈಸೂರಿನಲ್ಲಿ, ಕೆಳಭಾಗ ಮುಂಬಯಿ ರಾಜ್ಯದಲ್ಲಿದ್ದ ಕಾಲ ಅದು. ನದಿ ಒಂದೇ ಸರ್ಕಾರದ ಕೈಗೆ ಬಂದರೆ ವಿದ್ಯುತ್ತು ತೆಗೆಯುವುದು ಸುಲಭ ಎಂಬುದು ಗಟ್ಟಿ ವಾದವೇ ಆಗಿತ್ತು.

ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ ತಮ್ಮ ಪಕ್ಷದೊಳಗಿನ ವಿರೋಧವನ್ನು ಎದುರುಹಾಕಿಕೊಂಡು ಏಕೀಕರಣದ ಪರ ನಿಂತರು. ಅವರೂ ಒಕ್ಕಲಿಗರೇ ಎಂಬುದನ್ನು ಇಲ್ಲಿ ನೆನೆಯಬೇಕು. ಕುವೆಂಪು ದನಿಗೂಡಿಸಿದರು. ಸಮಾಜವಾದಿ ಶಾಸಕ ಶಾಂತವೇರಿ ಗೋಪಾಲಗೌಡರು ಬೆಂಬಲಿಸಿದರು. ರಾಜಪ್ರಮುಖರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅಡ್ಡಿ ಮಾಡಲಿಲ್ಲ. ತಮ್ಮ ಮನೆತನದ ರಾಜ್ಯ ದೊಡ್ಡ ನಾಡಿನಲ್ಲಿ ಕರಗುವುದನ್ನು ಒಪ್ಪಿದ ಅವರು ಮುಂದೆ ಅದೇ ನಾಡಿನ ರಾಜ್ಯಪಾಲರಾದರು.

ಫಜಲ್ ಅಲಿ, ಎಚ್.ಎನ್. ಕುಂಜ್ರು, ಕೆ.ಎಂ. ಪಣಿಕ್ಕರ್ ಇದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರ್ 30ರಂದು ವರದಿ ಕೊಟ್ಟಿತು. ಎರಡು ಕನ್ನಡ ರಾಜ್ಯದ ವಾದವನ್ನು ಬದಿಗಿಟ್ಟು ಒಂದೇ ರಾಜ್ಯ ಸಾಕೆಂದಿತು. 1956ರ ನವೆಂಬರ್ 1ರಂದು 19 ಜಿಲ್ಲೆಗಳ ಹೊಸ ಮೈಸೂರು ರಾಜ್ಯ ಹುಟ್ಟಿತು. ಜನಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಗಿ 1 ಕೋಟಿ 90 ಲಕ್ಷ ದಾಟಿತು. ಅಷ್ಟರಲ್ಲಿ ಪಕ್ಷದೊಳಗಿನ ಒಡಕಿನಿಂದ ಹನುಮಂತಯ್ಯ ಅಧಿಕಾರ ಬಿಟ್ಟಿದ್ದರು. ಹೊಸ ರಾಜ್ಯದ ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ.

ಜನರನ್ನು ಕೇಳಲಿಲ್ಲವೇಕೆ?

ಇಷ್ಟು ದೊಡ್ಡ ತೀರ್ಮಾನಕ್ಕೆ ಜನಮತಗಣನೆ ನಡೆಯಲಿಲ್ಲ. ಬೇಕು, ಬೇಡ ಎಂದು ಯಾರೂ ಮತಪೆಟ್ಟಿಗೆಗೆ ಚೀಟಿ ಹಾಕಲಿಲ್ಲ. ಕಾರಣ ನಮ್ಮ ಸಂವಿಧಾನದಲ್ಲೇ ಇದೆ. 3ನೇ ವಿಧಿಯ ಪ್ರಕಾರ ರಾಜ್ಯ ಕಟ್ಟುವ, ಒಡೆಯುವ, ಗಡಿ ಬದಲಿಸುವ ಅಧಿಕಾರ ಸಂಸತ್ತಿನದು. ರಾಜ್ಯದ ವಿಧಾನಮಂಡಲದ ಅಭಿಪ್ರಾಯ ಕೇಳಬೇಕು, ಆದರೆ ಅದಕ್ಕೆ ಕಟ್ಟುಬೀಳಬೇಕಾಗಿಲ್ಲ. 1955ರ 5ನೇ ತಿದ್ದುಪಡಿ ಆ ಅಭಿಪ್ರಾಯ ಹೇಳಲು ಗಡುವು ವಿಧಿಸುವ ಅವಕಾಶವನ್ನೂ ಕೊಟ್ಟಿತು. ಹಾಗಾಗಿ ಮೈಸೂರಿನ ಚರ್ಚೆ ವಿಧಾನಸಭೆಯ ಒಳಗೆ, ಪತ್ರಿಕೆಗಳ ಪುಟಗಳಲ್ಲಿ, ಊರ ಜಗಲಿಗಳಲ್ಲಿ ನಡೆದು ಮುಗಿಯಿತು.

ಭಾರತದಲ್ಲಿ ಜನಮತಗಣನೆ ನಡೆದೇ ಇಲ್ಲ ಎಂದಲ್ಲ. 1948ರ ಫೆಬ್ರುವರಿಯಲ್ಲಿ ಜುನಾಗಢದ ಜನ ಭಾರತಕ್ಕೆ ಸೇರುವ ಪರ ಮತ ಹಾಕಿದರು. ಚಲಾವಣೆಯಾದ 1,90,870 ಮತಗಳಲ್ಲಿ ಪಾಕಿಸ್ತಾನಕ್ಕೆ ಬಿದ್ದದ್ದು 91 ಮಾತ್ರ. 1975ರ ಏಪ್ರಿಲ್‌ನಲ್ಲಿ ಸಿಕ್ಕಿಂ ಜನರೂ ಹೀಗೆಯೇ ಭಾರತಕ್ಕೆ ಸೇರುವ ಪರ ಮತ ಹಾಕಿದರು. ಇವೆರಡೂ ಸಂಸ್ಥಾನಗಳ ವಿಲೀನದ ಸಂಗತಿ. ದೇಶದ ಒಳಗಿನ ಗಡಿಯ ಬಗ್ಗೆ ಜನರನ್ನು ಕೇಳಿದ ಹೆಸರಾಂತ ಉದಾಹರಣೆ ನಮ್ಮ ನೆರೆಯ ಗೋವಾದ್ದು.

ಹೂವು ಮತ್ತು ಎರಡೆಲೆ

1967ರ ಜನವರಿ 16. ಗೋವಾದ ಮತದಾರರ ಕೈಗೆ ಎರಡು ಚಿಹ್ನೆಗಳ ಮತಪತ್ರ ಬಂತು. ಒಂದು ಹೂವು: ಮಹಾರಾಷ್ಟ್ರಕ್ಕೆ ಸೇರೋಣ. ಇನ್ನೊಂದು ಎರಡೆಲೆ: ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯೋಣ. ಓದು ಬಾರದವರಿಗೂ ತಿಳಿಯುವಷ್ಟು ಸರಳ. ಆದರೆ ಆ ಎರಡು ಚಿತ್ರಗಳ ಹಿಂದೆ ನಿಂತಿದ್ದ ಪ್ರಶ್ನೆಗಳು ಹತ್ತಾರು.

ಹೂವಿನ ಕಡೆಯವರು ಭೂಸುಧಾರಣೆಯ ಆಸೆ, ಮರಾಠಿಯ ನಂಟು, ದೊಡ್ಡ ರಾಜ್ಯದ ಬಲ ತೋರಿಸಿದರು. ಎರಡೆಲೆಯವರು ಕೊಂಕಣಿಯ ಜೊತೆಗೆ ಹೊಟ್ಟೆಪಾಡಿನ ಮಾತೆತ್ತಿದರು. ಮಹಾರಾಷ್ಟ್ರದಲ್ಲಿ ಪಾನನಿಷೇಧವಿತ್ತು, ಹಾಗಾದರೆ ತೆಂಗಿನ ಮರ ಹತ್ತಿ ಕಳ್ಳು ಇಳಿಸುವವರ ಗತಿಯೇನು? ಸರ್ಕಾರಿ ಕೆಲಸಗಳೆಲ್ಲ ಮುಂಬಯಿಯವರ ಪಾಲಾದರೆ? ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರ್ ವಿಲೀನದ ಪರ ಇದ್ದವರು. ಮತದಾನ ನ್ಯಾಯವಾಗಿ ನಡೆಯಲೆಂದು ಮೊದಲೇ ಅಧಿಕಾರದಿಂದ ಇಳಿದರು.

ಎರಡೆಲೆಗೆ 1,72,191 ಮತ, ಹೂವಿಗೆ 1,38,170. ಅಂತರ 34,021. ಅದೇ ವರ್ಷದ ಚುನಾವಣೆಯಲ್ಲಿ ಜನ ಬಾಂದೋಡ್ಕರರನ್ನು ಮತ್ತೆ ಗೆಲ್ಲಿಸಿದರು. ನಿಮ್ಮ ಆಡಳಿತ ಬೇಕು, ನಿಮ್ಮ ವಿಲೀನ ಬೇಡ ಎಂದು ಬೇರ್ಪಡಿಸಿ ಹೇಳಲು ಅವರಿಗೆ ಅವಕಾಶ ಸಿಕ್ಕಿತ್ತು. ಜನಮತಗಣನೆಯ ದೊಡ್ಡ ಗುಣ ಇದೇ. ಸೋತವರಿಗೂ ನಮ್ಮನ್ನು ಕೇಳಿದ್ದರು ಎಂಬ ಸಮಾಧಾನ ಉಳಿಯುತ್ತದೆ.

ಕಬಿನಿ ಬಂತು, ಕೃಷ್ಣೆ ಕಾಯಿತು

ಇನ್ನು ನಮ್ಮ ಕಡೆಗೆ ಬರೋಣ. ಹಳೇ ಮೈಸೂರಿನ ಭಯ ನಿಜವಾಯಿತೇ?

ಉತ್ತರ ನೋಡಬೇಕೆಂದರೆ ನಂಜನಗೂಡಿನ ಗದ್ದೆಗಳ ಬದುವಿಗೆ ಬರಬೇಕು. ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟೆಯ ಕೆಲಸ ಶುರುವಾದದ್ದು 1959ರಲ್ಲಿ, ಏಕೀಕರಣ ಆದ ಮೂರು ವರ್ಷಕ್ಕೆ. ಮುಗಿದದ್ದು 1974ರಲ್ಲಿ. 19.52 ಟಿಎಂಸಿ ಅಡಿ ನೀರು ಹಿಡಿಯುವ ಆ ಕಟ್ಟೆಯ ಬಲದಂಡೆ ನಾಲೆ ನಂಜನಗೂಡು, ತಿ. ನರಸೀಪುರ ದಾಟಿ ಮುಂದಕ್ಕೆ ಹರಿಯುತ್ತದೆ. ನೀರು ಬಿಟ್ಟ ದಿನ ನೀರುಗಂಟಿ ಹೆಗಲ ಮೇಲೆ ಗುದ್ದಲಿ ಹೊತ್ತು ನಾಲೆ ಏರಿಯ ಮೇಲೆ ನಡೆದುಬಂದು ತೂಬಿನ ಬಾಗಿಲು ಎತ್ತುತ್ತಾನೆ. ಕೆಂಪು ನೀರು ಮೊದಲು ಕಸಕಡ್ಡಿ ತಳ್ಳಿಕೊಂಡು ಬರುತ್ತದೆ, ಆಮೇಲೆ ತಿಳಿಯಾಗುತ್ತದೆ. ರಾಗಿ, ಜೋಳ ಬಿತ್ತುತ್ತಿದ್ದ ಖುಷ್ಕಿ ಹೊಲಗಳು ಭತ್ತದ ಅಚ್ಚುಕಟ್ಟಾದದ್ದು ಹೀಗೆ. ಹೇಮಾವತಿ, ಹಾರಂಗಿ ಜಲಾಶಯಗಳೂ ಒಂದಾದ ನಾಡಿನಲ್ಲೇ ಎದ್ದವು.

ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿಯಿತು. ಮುಂದೆ 1,035 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದ ಅಲ್ಲಿನ ವಿದ್ಯುದಾಗಾರ ದಶಕಗಟ್ಟಲೆ ನಾಡಿನ ಕಾರ್ಖಾನೆಗಳನ್ನು ನಡೆಸಿತು. ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಇವುಗಳ ಫಲ ಬೆಂಗಳೂರು, ಮೈಸೂರಿಗೆ ಧಾರಾಳವಾಗಿ ದಕ್ಕಿತು. ಮೈಸೂರಿನ ಗಂಟು ಕರಗಲಿಲ್ಲ, ಬೆಳೆಯಿತು.

ಕಾದವರು ಉತ್ತರದವರು. ಕೃಷ್ಣಾ ಮೇಲ್ದಂಡೆ ಯೋಜನೆಗೆ ಲಾಲ್ ಬಹದ್ದೂರ್ ಶಾಸ್ತ್ರಿ ಅವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ಆಲಮಟ್ಟಿ ಕಟ್ಟೆ ಪೂರ್ತಿಯಾಗುವಾಗ 2005 ಆಗಿತ್ತು. ನದಿ ನೀರಿನ ವ್ಯಾಜ್ಯವೂ ಈ ವಿಳಂಬಕ್ಕೆ ಕಾರಣ ಎಂಬುದನ್ನು ಒಪ್ಪಬೇಕು. ಆದರೂ ನಾಲ್ಕು ದಶಕ ಸಣ್ಣ ಮಾತಲ್ಲ. ಅಷ್ಟರಲ್ಲಿ ಊರು ಮುಳುಗಿದವರ ಒಂದು ತಲೆಮಾರು ಮುಗಿದುಹೋಗಿತ್ತು, ನೀರಿಗೆ ಕಾದವರದೂ ಮುಗಿದುಹೋಗಿತ್ತು.

ತಡವಾಗಿ ಬರೆದ ಕರಾರು

2000ದಲ್ಲಿ ನೇಮಕವಾದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಚಿತ್ರ ನಿಚ್ಚಳವಾಯಿತು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿದ್ದವು. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು, 5 ಬೆಳಗಾವಿ ವಿಭಾಗದವು, 11 ಬೆಂಗಳೂರು ವಿಭಾಗದವು, 2 ಮೈಸೂರು ವಿಭಾಗದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ಯೋಜನೆ ಬೇಕು ಎಂದು ಸಮಿತಿ ಹೇಳಿತು.

ಆಮೇಲೆ 2012ರಲ್ಲಿ ಸಂವಿಧಾನದ 98ನೇ ತಿದ್ದುಪಡಿಯಾಗಿ 371(ಜೆ) ವಿಧಿ ಬಂತು. ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಶಿಕ್ಷಣ ಮತ್ತು ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲು ಸಿಕ್ಕವು. ಒಂದಾಗುವ ದಿನವೇ ಬರೆಯಬೇಕಿದ್ದ ಕರಾರನ್ನು ನಾವು ಬರೆದದ್ದು 56 ವರ್ಷ ತಡವಾಗಿ.

ನೆರೆಯ ತೆಲಂಗಾಣದ ಕಥೆ ಇನ್ನೂ ಕಹಿ. ಅಲ್ಲಿ ಹೈದರಾಬಾದ್ ಸದ್ಯಕ್ಕೆ ಬೇರೆಯೇ ಇರಲಿ, 1961ರ ಸುಮಾರಿನ ಚುನಾವಣೆಯ ನಂತರ ಅದರ ಶಾಸನಸಭೆ ಮೂರನೇ ಎರಡು ಬಹುಮತದಿಂದ ಒಪ್ಪಿದರೆ ಆಂಧ್ರಕ್ಕೆ ಸೇರಲಿ ಎಂದು ಫಜಲ್ ಅಲಿ ಆಯೋಗ ಹೇಳಿತ್ತು. ಯಾರೂ ಕಾಯಲಿಲ್ಲ. 1956ರ ಫೆಬ್ರುವರಿಯಲ್ಲಿ ಮುಖಂಡರು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡು ಒಂದಾದರು. ಒಪ್ಪಂದ ಪಾಲನೆಯಾಗಲಿಲ್ಲ ಎಂಬ ಸಿಟ್ಟು 1969ರಲ್ಲಿ ಬೀದಿಗಿಳಿಯಿತು. 2014ರ ಜೂನ್ 2ರಂದು ರಾಜ್ಯವೇ ಇಬ್ಭಾಗವಾಯಿತು.

ಮತಪೆಟ್ಟಿಗೆಯೊಂದೇ ಸಾಕೇ?

ಹಾಗಾದರೆ 1956ಕ್ಕೆ ಮೊದಲು ಜನಮತಗಣನೆ ನಡೆಸಬೇಕಿತ್ತೇ? ನಡೆಸಿದ್ದರೆ ಹಳೇ ಮೈಸೂರು ಹೇಗೆ ಮತ ಹಾಕುತ್ತಿತ್ತು ಎಂದು ಊಹಿಸುವುದರಲ್ಲಿ ಅರ್ಥವಿಲ್ಲ. ಆದರೆ ಮತಪೆಟ್ಟಿಗೆಯೊಂದೇ ಮದ್ದಲ್ಲ ಎಂಬುದನ್ನು ಬ್ರಿಟನ್ ತೋರಿಸಿಕೊಟ್ಟಿದೆ.

2016ರ ಜೂನ್ 23ರಂದು ಬ್ರಿಟನ್ನಿನ ಜನ ಐರೋಪ್ಯ ಒಕ್ಕೂಟದಲ್ಲಿ ಇರಬೇಕೋ ಹೊರಬರಬೇಕೋ ಎಂದು ಮತ ಹಾಕಿದರು. ಹೊರಡೋಣ ಎಂದವರು ಶೇ 51.9. ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಹೋಗುತ್ತಿದೆ, ಅದನ್ನು ನಮ್ಮ ಆಸ್ಪತ್ರೆಗಳಿಗೆ ಹಾಕೋಣ ಎಂದು ಕೆಂಪು ಬಸ್ಸಿನ ಮೇಲೆ ಬರೆದು ಊರೂರು ಸುತ್ತಿದ್ದರು. ಆ ಅಂಕಿ ದಾರಿತಪ್ಪಿಸುವಂಥದ್ದು ಎಂದು ಅಲ್ಲಿನ ಅಂಕಿಅಂಶ ಪ್ರಾಧಿಕಾರವೇ ಎಚ್ಚರಿಸಿತ್ತು. ಹೊರಬರುವುದು ಹೇಗೆ, ಯಾರಿಗೆ ಎಷ್ಟು ನಷ್ಟ ಎಂಬುದು ಮತಪತ್ರದಲ್ಲಿ ಇರಲಿಲ್ಲ. ಅದನ್ನು ತೀರ್ಮಾನಿಸಲು ಸಂಸತ್ತು ಮೂರೂವರೆ ವರ್ಷ ಒದ್ದಾಡಿತು. ಒಕ್ಕೂಟದಲ್ಲೇ ಉಳಿದಿದ್ದರೆ ಇರುತ್ತಿದ್ದ ಮಟ್ಟಕ್ಕಿಂತ ದೇಶದ ಉತ್ಪಾದಕತೆ ದೀರ್ಘಾವಧಿಯಲ್ಲಿ ಶೇ 4ರಷ್ಟು ಕಡಿಮೆಯಾಗುತ್ತದೆ ಎಂಬುದು ಅಲ್ಲಿನ ಬಜೆಟ್ ಹೊಣೆಗಾರಿಕಾ ಕಚೇರಿಯ ಅಂದಾಜು.

ಜನರನ್ನು ಕೇಳಿಯೂ ಲೆಕ್ಕ ಮುಚ್ಚಿಟ್ಟರೆ ಬ್ರಿಟನ್ ಆಗುತ್ತದೆ. ಲೆಕ್ಕ ಕಾಗದದ ಮೇಲಷ್ಟೇ ಉಳಿದರೆ ಆಂಧ್ರ–ತೆಲಂಗಾಣ ಆಗುತ್ತದೆ. ನಮ್ಮ ನಾಡು ಈ ಎರಡರಿಂದಲೂ ಪಾರಾಗಿ ಒಂದಾಗಿಯೇ ಉಳಿದಿದೆ. ಅದಕ್ಕೆ ಕಾರಣ ಕನ್ನಡದ ನಂಟು, ಜೊತೆಗೆ ಉತ್ತರದವರ ಸಹನೆ. ಆ ಸಹನೆಗೆ ನಾವು ಋಣಿಗಳು.

ಅದೇ ಪ್ರಶ್ನೆ, ಹೊಸ ವಿಳಾಸ

1955ರಲ್ಲಿ ಮೈಸೂರು ಕೇಳಿದ ಪ್ರಶ್ನೆಯನ್ನು ಇಂದು ಇಡೀ ಕರ್ನಾಟಕ ದೆಹಲಿಗೆ ಕೇಳುತ್ತಿದೆ. 15ನೇ ಹಣಕಾಸು ಆಯೋಗ ಕೇಂದ್ರ ತೆರಿಗೆಯಲ್ಲಿ ರಾಜ್ಯದ ಪಾಲನ್ನು ಶೇ 4.713ರಿಂದ ಶೇ 3.647ಕ್ಕೆ ಇಳಿಸಿದಾಗ ಈ ಸಿಟ್ಟು ಹೊತ್ತಿಕೊಂಡಿತು. 2024ರ ಫೆಬ್ರುವರಿಯಲ್ಲಿ ರಾಜ್ಯದ ಸಚಿವರು, ಶಾಸಕರು ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ದುಡಿದವರ ದುಡ್ಡು ಎಲ್ಲಿಗೆ ಹೋಗುತ್ತಿದೆ ಎಂದು ಕೇಳುವುದು ನ್ಯಾಯ. ಆದರೆ ಅದೇ ಪ್ರಶ್ನೆಯನ್ನು ರಾಯಚೂರು, ಯಾದಗಿರಿಯವರು ಬೆಂಗಳೂರಿಗೆ ಕೇಳಿದಾಗ ನಾವು ಕಿವಿಗೊಡಬೇಕಲ್ಲವೇ? ದೆಹಲಿಯ ಮುಂದೆ ಹಕ್ಕು ಎನಿಸಿದ್ದು ಕಲಬುರಗಿಯ ಬಾಯಲ್ಲಿ ಬಂದಾಗ ಗೊಣಗಾಟ ಎನಿಸಬಾರದು.

ಏಕೀಕರಣ ಸರಿಯಾದ ತೀರ್ಮಾನ. ಅದನ್ನು ಪ್ರಶ್ನಿಸಿದ ಹಳೇ ಮೈಸೂರಿನವರು ಕನ್ನಡದ್ರೋಹಿಗಳೂ ಅಲ್ಲ. ಅವರು ಲೆಕ್ಕ ಕೇಳಿದರು. ಅವರಿಗೆ ಭಾಷಣ ಸಿಕ್ಕಿತು, ಲೆಕ್ಕ ಸಿಗಲಿಲ್ಲ. ಅಂದು ಎಷ್ಟು ವರ್ಷ ಯಾವ ಪ್ರದೇಶಕ್ಕೆ ಎಷ್ಟು ಹಣ, ಅದರಿಂದ ಎಷ್ಟು ಶಾಲೆ, ಎಷ್ಟು ನಾಲೆ ಎಂದು ಬರೆದಿಟ್ಟು ಪಾಲಿಸಿದ್ದರೆ, ದಕ್ಷಿಣದ ಭಯವೂ ಕರಗುತ್ತಿತ್ತು, ಉತ್ತರದ ನೋವೂ ಇಷ್ಟು ದೂರ ಬರುತ್ತಿರಲಿಲ್ಲ.

ಈಗಲೂ ಹೊತ್ತು ಮೀರಿಲ್ಲ. ನಂಜುಂಡಪ್ಪ ಸಮಿತಿ ಮಾಡಿದ ಅಳತೆಯನ್ನು ಐದು ವರ್ಷಕ್ಕೊಮ್ಮೆ ತಾಲ್ಲೂಕುವಾರು ಮಾಡಿ ವಿಧಾನಮಂಡಲದ ಮುಂದಿಡುವಂತೆ ಕಾನೂನು ಆಗಬೇಕು. ಯಾವ ತಾಲ್ಲೂಕಿಗೆ ಎಷ್ಟು ಕೊಟ್ಟೆವು, ಎಷ್ಟು ಖರ್ಚಾಯಿತು, ಅದರಿಂದ ಏನು ಬದಲಾಯಿತು ಎಂಬ ಮೂರು ಅಂಕಿ ಪ್ರತಿ ಗ್ರಾಮ ಪಂಚಾಯ್ತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿರಬೇಕು. ನಂಜನಗೂಡಿನವರು ಯಾದಗಿರಿಯ ಲೆಕ್ಕವನ್ನೂ ಯಾದಗಿರಿಯವರು ನಂಜನಗೂಡಿನ ಲೆಕ್ಕವನ್ನೂ ಓದುವಂತಾಗಬೇಕು. ಮತ ಹಾಕದೆಯೇ ಒಂದಾದ ನಾಡಿನಲ್ಲಿ ಪ್ರತಿಯೊಬ್ಬರಿಗೂ ಸಲ್ಲಬೇಕಾದ ಬಾಕಿ ಅದು.